ಅರಿತವರ ಮೌನ

ನನ್ನ ಸೋದರತ್ತೆಯೊಬ್ಬರಿಗೆ ಮಧ್ಯಾಹ್ನದ ಊಟ ಮುಗಿದು ಅಡುಗೆಮನೆಯ ಸಾರಣೆಯಾದ ಮೇಲೆ ನಡುಮನೆಯ ಕಂಬಕ್ಕೆ ಒರಗಿ ಕುಳಿತು ಕಾದಂಬರಿಯನ್ನೋದುವ ಅಭ್ಯಾಸವಿತ್ತು. ಕಂದು ಕಾಗದದ ಹೊದಿಕೆ, ಒಳಪುಟದಲ್ಲಿ ಬಾಡಿಗೆ ಪುಸ್ತಕಾಲಯದ ನೀಲಿ ಮೊಹರು, ಅಂಚುಗಳಲ್ಲಿ ಹಿಂದಿನ ಓದುಗರಾರೋ ಪೆನ್ಸಿಲಿನಿಂದ ಬರೆದ “ಅಯ್ಯೋ ಪಾಪ”ಗಳು, ಇಷ್ಟು ಅಲಂಕಾರಗಳಿಂದ ಕೂಡಿದ ಪುಸ್ತಕವೊಂದನ್ನು, ರವೀಂದ್ರನಾಥ ಠಾಕೂರರ ‘ನೌಕಾಡುಬಿ’ಯನ್ನು, ಒಂದು ದಿನ ಮುಗಿಸಿ ಮಡಿಲಲ್ಲಿಟ್ಟುಕೊಂಡು ಅವರು ನನ್ನನ್ನು ಕೇಳಿದರು: “ಅಲ್ಲ ಕಣೋ, ಇವಳು ತನ್ನ ಹೆಂಡತಿಯಲ್ಲ ಅಂತ ಗೊತ್ತಾದ ದಿನವೇ ಆ ರಮೇಶ ಬಾಯಿಬಿಟ್ಟು ಹೇಳಿದ್ದರೆ ಆಗ್ತಿರಲಿಲ್ಲವೆ? ಅಷ್ಟು ಪುಟ ಎಲ್ಲರನ್ನೂ ಯಾಕೆ ಗೋಳುಹೊಯ್ಕೋಬೇಕಿತ್ತು?” ಕಾಲೇಜಿನ ಗಾಳಿ ಹೊಸದಾಗಿ ಬೀಸಿದ್ದ ನಾನು, “ಹೇಳಿಬಿಟ್ಟರೆ ಕಥೆ ಎಲ್ಲಿರುತ್ತೆ ಅತ್ತೆ?” ಎಂದು ನಕ್ಕುಬಿಟ್ಟೆ. ಆ ಉತ್ತರವು ಎಷ್ಟು ಅಗ್ಗದ್ದೆಂಬುದೂ, ಅವರ ಪ್ರಶ್ನೆಯಲ್ಲಿ ಈ ಬಗೆಯ ಕಥೆಗಳನ್ನೆಲ್ಲ ಒರೆಗೆ ಹಚ್ಚಬಲ್ಲ ಒಂದು ಕಲ್ಲೇ ಅಡಗಿತ್ತೆಂಬುದೂ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಒಬ್ಬರನ್ನು ಮತ್ತೊಬ್ಬರೆಂದು ಭ್ರಮಿಸಿ ಪ್ರೀತಿಸುವುದು, ಇಲ್ಲವೆ ತಾನಾರೆಂಬುದನ್ನು ಮರೆಮಾಡಿ ಪ್ರೀತಿಯನ್ನು ಸಂಪಾದಿಸುವುದು, ಈ ಎಳೆಯೊಂದನ್ನೇ ಹಿಡಿದು ನೇಯ್ದ ಪ್ರಣಯಕಾದಂಬರಿಗಳು ಇಂದು ಇಂಗ್ಲಿಷಿನಲ್ಲಿ ಒಂದು ಪಂಥವೆನ್ನಿಸುವಷ್ಟು ಬೆಳೆದಿವೆ. ವಿಮಾನನಿಲ್ದಾಣದ ಪುಸ್ತಕದಂಗಡಿಯಲ್ಲಿ ಅವು ಎದುರಿಗೇ ನಿಂತಿರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ, ಪರೀಕ್ಷೆಯ ಗೈಡುಗಳಿಗೂ ಹರಿದ ನಿಘಂಟುಗಳಿಗೂ ನಡುವೆ, ಮಾಸಿದ ಗುಲಾಬಿಯ ರಕ್ಷಾಪುಟಗಳನ್ನು ತೊಟ್ಟು ಮಲಗಿರುತ್ತವೆ. ಪಂಡಿತವರ್ಗವು ಇವನ್ನು ಕಾಲಹರಣದ ಸಾಮಗ್ರಿಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದುಂಟು. ಅಭಿಮಾನಿವರ್ಗವು ಸಂತೋಷಾಂತ್ಯವೊಂದಿದ್ದರೆ ಎಲ್ಲವನ್ನೂ ಕ್ಷಮಿಸುವುದುಂಟು. ಈ ಎರಡು ಔದಾರ್ಯಗಳೂ ನನಗೆ ಸಾಧ್ಯವಾಗಿಲ್ಲ. ಕಾಳಿದಾಸನನ್ನೂ ಷೇಕ್ಸ್‌ಪಿಯರನನ್ನೂ ಕಾಡಿದ ವಸ್ತುವೊಂದು ರೈಲುಪ್ರಯಾಣದ ಓದಿಗೆ ಇಳಿದುಬಂದ ಮಾತ್ರಕ್ಕೆ ಅದರ ಕುಲ ಕೆಡುವುದಿಲ್ಲ. ಆದರೆ ಇಳಿದುಬರುವ ದಾರಿಯಲ್ಲಿ ಅದು ಏನನ್ನು ಕಳೆದುಕೊಂಡಿತೆಂಬುದನ್ನು ವಿಚಾರಿಸದೆ ಬಿಡಲೂ ಆಗದು.

ಈ ವಸ್ತುವಿನ ಅತ್ಯುನ್ನತ ಶಿಖರವನ್ನು ನಾನು ಕಾಣುವುದು ನಳೋಪಾಖ್ಯಾನದಲ್ಲಿ. ದಮಯಂತಿಯ ಸ್ವಯಂವರಮಂಟಪದಲ್ಲಿ ಇಂದ್ರ, ಅಗ್ನಿ, ವರುಣ, ಯಮ ಈ ನಾಲ್ವರೂ ನಳನ ರೂಪವನ್ನೇ ಧರಿಸಿ ಕುಳಿತಿದ್ದಾರೆ. ಮಾಲೆ ಹಿಡಿದು ಬಂದ ಹುಡುಗಿಯ ಎದುರಿಗೆ ಐವರು ನಳರು. ಶ್ರೀಹರ್ಷನು ತನ್ನ ನೈಷಧೀಯಚರಿತದ 13ನೆಯ ಸರ್ಗದಲ್ಲಿ ಸರಸ್ವತಿಯ ಬಾಯಿಂದ ದೇವತೆಗಳಿಗೂ ನಳನಿಗೂ ಏಕಕಾಲದಲ್ಲಿ ಅನ್ವಯಿಸುವ ಶ್ಲೇಷಗಳನ್ನು ಆಡಿಸಿ ಪಾಂಡಿತ್ಯದ ಕೋಟೆಯನ್ನೇ ಕಟ್ಟಿದ್ದಾನೆ. ನಮ್ಮ ಕನಕದಾಸರು ನಳಚರಿತ್ರೆಯನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿ ಅದನ್ನು ಕನ್ನಡದ ಮನೆಮನೆಯ ಜಗಲಿಗೆ ತಂದರು. ಆದರೆ ಮೂಲದ ವ್ಯಾಸಭಾರತದಲ್ಲಿ ಈ ಸಂದರ್ಭಕ್ಕಿರುವ ಸರಳವಾದ ಗಾಂಭೀರ್ಯವೇ ಬೇರೆ. ದಮಯಂತಿಯು ತನ್ನ ಸತ್ಯವನ್ನು ಪಣವಾಗಿಟ್ಟು ಪ್ರಾರ್ಥಿಸುತ್ತಾಳೆ. ದೇವತೆಗಳು ಕರಗಿ ತಮ್ಮ ಲಕ್ಷಣಗಳನ್ನು ತೋರುತ್ತಾರೆ. ನಾಲ್ವರ ಕಣ್ಣು ಎವೆಯಿಕ್ಕುವುದಿಲ್ಲ, ಮೈ ಬೆವರುವುದಿಲ್ಲ, ಪಾದ ನೆಲಕ್ಕೆ ತಾಕುವುದಿಲ್ಲ. ಐದನೆಯವನೊಬ್ಬನ ಮಾಲೆ ಬಾಡಿದೆ, ಮೈಮೇಲೆ ಧೂಳಿದೆ, ಬೆವರಿದೆ, ಕಾಲ ಬಳಿ ನೆರಳಿದೆ. ದೇವತೆಗಳ ಪರಿಪೂರ್ಣತೆಯನ್ನು ಬದಿಗೊತ್ತಿ ಆ ಹುಡುಗಿ ಬೆವರಿದವನ ಕೊರಳಿಗೆ ಮಾಲೆ ಹಾಕುತ್ತಾಳೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವೇಷ ಹಾಕಿದವರು ಬಲಿಷ್ಠರಾದ ದೇವತೆಗಳು. ಮೋಸಕ್ಕೊಳಗಾಗಬೇಕಾದವಳು ಒಬ್ಬ ಮಾನುಷಕನ್ಯೆ. ಆದರೂ ಗುರುತಿಸುವ ಅಧಿಕಾರವನ್ನು ಕವಿಯು ಆಕೆಯ ಕೈಯಲ್ಲಿಯೇ ಇಟ್ಟಿದ್ದಾನೆ. ಕಥೆಯ ಉತ್ತರಾರ್ಧದಲ್ಲಿಯೂ ಹೀಗೆಯೇ. ಕುರೂಪಿಯಾಗಿ, ಬಾಹುಕನೆಂಬ ಹೆಸರಿನಲ್ಲಿ, ಋತುಪರ್ಣನ ಸಾರಥಿಯಾಗಿ ಬಂದ ನಳನನ್ನು ಪರೀಕ್ಷಿಸಲು ದಮಯಂತಿಯು ಕೇಶಿನಿಯೆಂಬ ಸಖಿಯನ್ನು ಕಳುಹುತ್ತಾಳೆ. ಅವನು ಬೇಯಿಸಿದ ಮಾಂಸವನ್ನು ತರಿಸಿ ಬಾಯಿಗಿಟ್ಟು ನೋಡುತ್ತಾಳೆ. ಕೈರುಚಿ ಗುರುತು ಸಿಕ್ಕಿದ ಮೇಲೂ ಅವಸರಪಡದೆ ಮಕ್ಕಳಿಬ್ಬರನ್ನು ಅವನೆದುರಿಗೆ ಬಿಡುತ್ತಾಳೆ. ಸೌದೆಯ ಹೊಗೆಯ ನಡುವೆ ನಿಂತ ಅಡುಗೆಯವನೊಬ್ಬನು ತನ್ನವೇ ಮಕ್ಕಳನ್ನು ಅಪ್ಪಿಕೊಂಡು ಅತ್ತು, ಆಮೇಲೆ ಕೇಶಿನಿಗೆ, ಇವರು ನನ್ನ ಮಕ್ಕಳನ್ನು ಹೋಲುತ್ತಾರಾದ್ದರಿಂದ ಅತ್ತೆ ಎಂದು ಸುಳ್ಳು ನೆವ ಹೇಳುವ ಆ ಕ್ಷಣಕ್ಕಿಂತ ಹತ್ತಿರದ ನೋಟವೊಂದನ್ನು ನಾನು ಪ್ರಣಯಸಾಹಿತ್ಯದಲ್ಲಿ ಬಲ್ಲೆನೆನ್ನಲಾರೆ. ಅರಿಸ್ಟಾಟಲನು ಪ್ರತ್ಯಭಿಜ್ಞೆಯ ಬಗೆಗಳನ್ನು ವಿಂಗಡಿಸುತ್ತ, ಉಂಗುರ ಮಚ್ಚೆ ಮೊದಲಾದ ಬಾಹ್ಯ ಚಿಹ್ನೆಗಳಿಂದಾಗುವುದನ್ನು ಕನಿಷ್ಠವೆಂದೂ, ಘಟನೆಗಳ ಒಡಲಿನಿಂದಲೇ ಸಹಜವಾಗಿ ಹುಟ್ಟುವುದನ್ನು ಉತ್ತಮವೆಂದೂ ಹೇಳಿದ್ದಾನಷ್ಟೆ. ಸಾರಿನ ರುಚಿಯನ್ನು ಅವನು ಯಾವ ವರ್ಗಕ್ಕೆ ಸೇರಿಸುತ್ತಿದ್ದನೋ ತಿಳಿಯದು. ಸಂಸಾರ ಮಾಡಿದವರು ಅದನ್ನು ಉತ್ತಮವರ್ಗಕ್ಕೇ ಸೇರಿಸುವರು.

ದಮಯಂತಿಯ ಪಕ್ಕದಲ್ಲಿ ಶಕುಂತಲೆಯನ್ನಿಟ್ಟು ನೋಡಿದರೆ ನನ್ನ ಸೋದರತ್ತೆಯ ಪ್ರಶ್ನೆಯ ಮೊನೆ ಇನ್ನೂ ಚೂಪಾಗುತ್ತದೆ. ಮಹಾಭಾರತದ ದುಷ್ಯಂತನಿಗೆ ಮರೆವಿಲ್ಲ, ಶಾಪವಿಲ್ಲ. ಮಗನನ್ನು ಕರೆದುಕೊಂಡು ಸಭೆಗೆ ಬಂದವಳು ಯಾರೆಂಬುದನ್ನು ಚೆನ್ನಾಗಿ ಬಲ್ಲವನಾಗಿಯೇ ಅವನು ನಿನ್ನನ್ನರಿಯೆನೆಂದು ಸಾಧಿಸುತ್ತಾನೆ. ಅಶರೀರವಾಣಿಯಾದ ಮೇಲೆ, ಜನರ ಸಂಶಯ ಕಳೆಯಲೆಂದು ಹಾಗೆ ಮಾಡಿದೆನೆಂದು ಸಮಾಧಾನ ಹೇಳುತ್ತಾನೆ. ಕಾಳಿದಾಸನು ದೂರ್ವಾಸನ ಶಾಪವನ್ನೂ ಮುದ್ರೆಯುಂಗುರವನ್ನೂ ಕಲ್ಪಿಸಿ ಈ ಬಲ್ಲವನನ್ನು ಅರಿಯದವನನ್ನಾಗಿ ಮಾಡಿದನು. ಔಚಿತ್ಯದೃಷ್ಟಿಯಿಂದ ಇದು ಮಹಾಕವಿಯ ಜಾಣ್ಮೆಯೆಂದು ಆಲಂಕಾರಿಕರು ಹೊಗಳಿದ್ದಾರೆ, ಹೊಗಳತಕ್ಕದ್ದೇ. ಆದರೂ ಆ ಹಳೆಯ, ಒರಟಾದ ಕಥೆಯಲ್ಲಿ ಶಕುಂತಲೆಯು ರಾಜಸಭೆಯ ನಡುವೆ ನಿಂತು, ಅರಿತೂ ಅರಿಯದಂತೆ ನಟಿಸುವವನನ್ನು ನೇರವಾಗಿ ಝಂಕಿಸುವ ಪರಿಯನ್ನು ಓದಿದವರಿಗೆ, ಶಾಪವೆಂಬ ಮೃದುವಾದ ರೇಷ್ಮೆಯ ಪರದೆಯ ಹಿಂದೆ ಏನನ್ನು ಮುಚ್ಚಿಡಲಾಯಿತೆಂಬುದು ಕಾಣದಿರದು. ಭ್ರಾಂತಿಯು ವಿಧಿಯದಾದರೆ ಯಾರೂ ಕ್ಷಮೆ ಕೇಳಬೇಕಾದುದಿಲ್ಲ. ಅದು ಮನುಷ್ಯನೊಬ್ಬನ ಮೌನದಿಂದ ಬೆಳೆದುದಾದರೆ ಲೆಕ್ಕ ಒಪ್ಪಿಸಲೇಬೇಕು.

ಆದುದರಿಂದ ಇಂತಹ ಕಥೆಗಳನ್ನು ಓದುವಾಗ ನಾನು ಇಟ್ಟುಕೊಂಡಿರುವ ಪ್ರಶ್ನೆ ಇದು: ಇಬ್ಬರಲ್ಲಿ ನಿಜವನ್ನು ಮೊದಲು ಅರಿತವರು ಯಾರು, ಅರಿತ ಮೇಲೆ ಎಷ್ಟು ಕಾಲ ಸುಮ್ಮನಿದ್ದರು, ಆ ಮೌನದಿಂದ ಲಾಭವಾದದ್ದು ಯಾರಿಗೆ? ಇಬ್ಬರೂ ಅರಿಯದ ಭ್ರಾಂತಿ ಪ್ರಹಸನಕ್ಕೆ ಒಳ್ಳೆಯದು. ಷೇಕ್ಸ್‌ಪಿಯರನ ಅವಳಿಜವಳಿಗಳ ನಾಟಕವು ಈಶ್ವರಚಂದ್ರ ವಿದ್ಯಾಸಾಗರರ ಕೈಯಲ್ಲಿ ‘ಭ್ರಾಂತಿವಿಲಾಸ’ವಾಗಿ, ಅಲ್ಲಿಂದ ಬಿ. ವೆಂಕಟಾಚಾರ್ಯರ ಮೂಲಕ ಕನ್ನಡಕ್ಕೆ ಬಂದು, 1997ರಲ್ಲಿ ‘ಉಲ್ಟಾ ಪಲ್ಟಾ’ ಚಲನಚಿತ್ರದ ರೂಪದಲ್ಲಿ ಮತ್ತೊಮ್ಮೆ ನಮ್ಮನ್ನು ನಗಿಸಿತು. ನಕ್ಕು ಮನೆಗೆ ಹೋದೆವು. ಪ್ರಣಯಕಾದಂಬರಿಗೆ ಅಷ್ಟು ಸಾಲದು. ಅದಕ್ಕೆ ಬಲ್ಲವರೊಬ್ಬರು ಬೇಕು.

‘ನೌಕಾಡುಬಿ’ಯು ಮೊದಲು ‘ಬಂಗದರ್ಶನ’ದಲ್ಲಿ ಧಾರಾವಾಹಿಯಾಗಿ ಬಂದು 1906ರಲ್ಲಿ ಪುಸ್ತಕವಾಯಿತು. ಕಲಕತ್ತೆಯಲ್ಲಿ ಕಾನೂನು ಓದಿ ಹೇಮನಲಿನಿಯಲ್ಲಿ ಮನಸ್ಸಿಟ್ಟ ರಮೇಶನು ತಂದೆಯ ಹಟಕ್ಕೆ ಮಣಿದು, ವಧುವಿನ ಮುಖವನ್ನೂ ಸರಿಯಾಗಿ ನೋಡದೆ, ಮದುವೆಯಾಗಿ ದೋಣಿಯೇರುತ್ತಾನೆ. ಬಿರುಗಾಳಿಗೆ ದೋಣಿಗಳು ಮುಳುಗುತ್ತವೆ. ಎಚ್ಚರವಾದಾಗ ಮರಳದಿಣ್ಣೆಯ ಮೇಲೆ ಬೆಳುದಿಂಗಳಲ್ಲಿ ಮದುವೆಯ ಸೀರೆಯುಟ್ಟ ಹುಡುಗಿಯೊಬ್ಬಳು ಪ್ರಜ್ಞೆತಪ್ಪಿ ಬಿದ್ದಿದ್ದಾಳೆ. ಇವಳೇ ನನ್ನವಳೆಂದು ಅವನು, ಇವನೇ ನನ್ನವನೆಂದು ಅವಳು. ಅಲ್ಲಿಯವರೆಗೆ ಇದು ವಿಧಿಯ ಆಟ. ಆದರೆ ರಮೇಶನು ‘ಸುಶೀಲಾ’ ಎಂದು ಕರೆದಾಗ ಹುಡುಗಿಯು ತನ್ನ ಹೆಸರು ಕಮಲೆಯಲ್ಲವೆ ಎಂದು ಕೇಳುವಳಲ್ಲ, ಆ ಗಳಿಗೆಯಿಂದ ಕಾದಂಬರಿಯು ವಿಧಿಯ ಕೈಯಿಂದ ಜಾರಿ ಒಬ್ಬ ಸದ್ಗೃಹಸ್ಥನ ದೌರ್ಬಲ್ಯದ ಕೈಗೆ ಬರುತ್ತದೆ. ಅವಳ ಗಂಡ ನಳಿನಾಕ್ಷನೆಂಬ ವೈದ್ಯನೆಂಬುದು ಅವನಿಗೆ ಗೊತ್ತಾಗುತ್ತದೆ. ಹೇಳುವುದಿಲ್ಲ. ಹೇಳಿದರೆ ಈ ಅನಾಥೆಯ ಗತಿಯೇನು, ಪರಪುರುಷನ ಮನೆಯಲ್ಲಿದ್ದವಳೆಂಬ ಅಪವಾದದಿಂದ ಅವಳು ಹೇಗೆ ಪಾರಾಗುವಳು ಎಂಬ ಅವನ ಚಿಂತೆ ನಿಜವಾದದ್ದು. ಆ ಕಾಲದ ಸಮಾಜವನ್ನು ಬಲ್ಲವರು ಅದನ್ನು ನೆವವೆಂದು ತಳ್ಳಲಾರರು.

ಆದರೂ ದಯೆಯ ವೇಷದಲ್ಲಿ ಬಂದ ಆ ಮೌನವು ಏನೇನು ಮಾಡಿತೆಂಬುದನ್ನು ರವೀಂದ್ರರು ಸ್ಟೀಮರಿನ ಪ್ರಯಾಣದ ಅಧ್ಯಾಯಗಳಲ್ಲಿ ನಿರ್ದಾಕ್ಷಿಣ್ಯವಾಗಿ ತೋರಿಸುತ್ತಾರೆ. ಗಾಜಿಪುರದ ಕಡೆಗೆ ನದಿಯಲ್ಲಿ ಸಾಗುತ್ತಿರುವ ಆ ಹಡಗಿನಲ್ಲಿ ಕಮಲೆಯು ಒಲೆ ಹೂಡಿದ್ದಾಳೆ. ಉಮೇಶನೆಂಬ ಹುಡುಗನು ನಿಂತ ನಿಂತ ಘಟ್ಟಗಳಲ್ಲಿ ಎಲ್ಲಿಂದಲೋ ತರಕಾರಿ ಹೊಂದಿಸಿ ತರುತ್ತಾನೆ. ಚಕ್ರವರ್ತಿ ಎಂಬ ಮುದುಕರು ಮಾತಿನ ಒಗ್ಗರಣೆ ಹಾಕುತ್ತಾರೆ. ತಾನು ಗೃಹಿಣಿಯಾದೆನೆಂಬ ಸಂಭ್ರಮ ಹುಡುಗಿಯ ಕೈಕಾಲುಗಳಲ್ಲೆಲ್ಲ ಓಡಾಡುತ್ತಿದೆ. ರಾತ್ರಿಯಾಯಿತೆಂದರೆ ಗಂಡನೆಂದು ಅವಳು ತಿಳಿದಿರುವವನು ಒಂದು ಬಾಗಿಲಿನಷ್ಟು ದೂರ ಸರಿದುಬಿಡುತ್ತಾನೆ. ಏಕೆಂದು ಅವಳಿಗೆ ತಿಳಿಯದು. ತನ್ನಲ್ಲಿಯೇ ಏನೋ ಕೊರತೆಯಿರಬೇಕೆಂದು ಒಳಗೊಳಗೇ ಕುಗ್ಗುತ್ತಾಳೆ. ಅವನ ಸಂಯಮವನ್ನು ಧರ್ಮಬುದ್ಧಿಯೆಂದು ನಾವು ಮೆಚ್ಚುವ ಹೊತ್ತಿಗೇ ಆ ಸಂಯಮದ ಬೆಲೆಯನ್ನು ಅವಳು ತೆರುತ್ತಿದ್ದಾಳೆ. ನನ್ನ ಸೋದರತ್ತೆಯ ಸಿಟ್ಟು ಹುಟ್ಟಿದ್ದು ಬಹುಶಃ ಇಲ್ಲಿಯೇ. ಕಥೆಯ ತೊಡಕು ಹೀಗೆ ಪಾತ್ರದ ಶೀಲದಿಂದಲೇ ಹುಟ್ಟಿ ಬೆಳೆಯುವುದರಿಂದ, “ಹೇಳಿಬಿಟ್ಟರೆ ಕಥೆ ಎಲ್ಲಿರುತ್ತೆ” ಎಂಬ ನನ್ನ ಹುಡುಗಾಟದ ಮಾತಿಗೆ ಇಲ್ಲಿ ಸ್ಥಳವೇ ಇಲ್ಲ. ರಮೇಶನಂಥವನು ಹೇಳಲಾರನು, ಅವನು ಹೇಳಲಾರನೆಂಬುದೇ ಕಥೆ.

ಅಷ್ಟು ದೂರ ನಡೆದುಬಂದ ಕಾದಂಬರಿ ಆಮೇಲೆ ಎಡವುತ್ತದೆ. ರಮೇಶನು ಹೇಮನಲಿನಿಗೆ ಬರೆದ ಪತ್ರವೊಂದು ಕೈಗೆ ಸಿಕ್ಕಿ ಕಮಲೆಗೆ ನಿಜ ತಿಳಿಯುತ್ತದೆ. ತಿಳಿದೊಡನೆಯೇ, ಇಷ್ಟು ದಿನ ಜೊತೆಗಿದ್ದವನ ಮೇಲಿನ ಒಲವು ಒಣಗಿದೆಲೆಯಂತೆ ಕಳಚಿಬಿದ್ದು, ಕಣ್ಣಿನಿಂದ ಎಂದೂ ಕಂಡರಿಯದ ನಳಿನಾಕ್ಷನ ಕಡೆಗೆ ಅವಳ ಚಿತ್ತವೆಲ್ಲ ಹರಿಯುತ್ತದೆ. ಕಾಶಿಗೆ ಹೋಗಿ, ಹೆಸರು ಮರೆಸಿಕೊಂಡು, ಅವನ ಮನೆಯಲ್ಲಿಯೇ ಪರಿಚಾರಿಕೆಯಾಗಿ ನಿಲ್ಲುತ್ತಾಳೆ. ಪತಿಯೆಂಬ ಸಂಬಂಧದ ಸಂಸ್ಕಾರವು ಪರಿಚಯದ ಪ್ರೀತಿಯನ್ನು ಒಂದೇ ಏಟಿಗೆ ಕಡಿದೊಗೆಯುವಷ್ಟು ಆಳವಾದುದೆ ಎಂಬ ಪ್ರಶ್ನೆಯನ್ನು ಗ್ರಂಥಕರ್ತರೇ ಮುಂದೊಂದು ಕಾಲದಲ್ಲಿ, ತಮ್ಮ ಕೃತಿಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ಎತ್ತಿಕೊಂಡರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ನನ್ನ ಮಟ್ಟಿಗೆ ಹೇಳುವುದಾದರೆ, ದಮಯಂತಿಯು ಬೆವರನ್ನೂ ನೆರಳನ್ನೂ ನೋಡಿ ವರಿಸಿದಳು. ಕಮಲೆಯು ಹೆಸರನ್ನು ಓದಿ ವರಿಸಿದಳು. ಪ್ರೀತಿಯು ವ್ಯಕ್ತಿಗೋ ಹೆಸರಿಗೋ ಎಂಬ ಪ್ರಶ್ನೆಯೆದುರು ರವೀಂದ್ರರಂಥವರ ಲೇಖನಿಯೂ ಅಲ್ಲಿ ಹಿಂದೇಟು ಹಾಕಿತು. ಈ ಕಥೆಯನ್ನು 1946ರ ‘ಮಿಲನ್’, 1960ರ ‘ಘೂಂಘಟ್’ ಎಂಬ ಹಿಂದಿ ಚಿತ್ರಗಳೂ, 2011ರಲ್ಲಿ ಋತುಪರ್ಣ ಘೋಷರ ಬಂಗಾಳಿ ಚಿತ್ರವೂ ಮತ್ತೆ ಮತ್ತೆ ಎತ್ತಿಕೊಂಡವು. 2024ರಲ್ಲಿ ಬಂದ ‘ಲಾಪತಾ ಲೇಡೀಸ್’ನಲ್ಲಿ ಮುಸುಕಿನ ದೆಸೆಯಿಂದ ರೈಲಿನಲ್ಲಿ ವಧುಗಳು ಅದಲುಬದಲಾದಾಗ, ಅವರಲ್ಲೊಬ್ಬಳು ಸುಳ್ಳು ಹೆಸರು ಹೇಳಿ ಆ ಪ್ರಮಾದವನ್ನೇ ತನ್ನ ಓದಿನ ದಾರಿಯಾಗಿ ಮಾಡಿಕೊಳ್ಳುವುದನ್ನು ಕಂಡು, ಕಮಲೆಗೆ ನೂರಿಪ್ಪತ್ತು ವರ್ಷಗಳ ಮೇಲೆ ಒಬ್ಬ ತಂಗಿ ಹುಟ್ಟಿದಳೆಂದು ನನಗೆ ಸಂತೋಷವಾಯಿತು.

ಇನ್ನು ಆಂಗ್ಲಭೂಮಿಗೆ ಹೋಗೋಣ. ಮಿಲ್ಸ್ ಅಂಡ್ ಬೂನ್ ಎಂಬ ಪ್ರಕಾಶನಸಂಸ್ಥೆ ಲಂಡನ್ನಿನಲ್ಲಿ ಆರಂಭವಾದದ್ದು 1908ರಲ್ಲಿ. ಅದು ಕಾಲಕ್ರಮೇಣ ಪ್ರಣಯಕಾದಂಬರಿಗೆ ಪರ್ಯಾಯನಾಮವೇ ಆಯಿತು. ಆದರೆ ಈ ವೇಷಾಂತರದ ಪಂಥಕ್ಕೆ ನಿಜವಾದ ಆಚಾರ್ಯಸ್ಥಾನ ಸಲ್ಲಬೇಕಾದುದು ಜಾರ್ಜೆಟ್ ಹೇಯರ್ ಎಂಬ ಲೇಖಕಿಗೆ. 1926ರ ‘ದೀಸ್ ಓಲ್ಡ್ ಷೇಡ್ಸ್’ನಲ್ಲಿ ಆಕೆ ಗಂಡುವೇಷದ ಹುಡುಗಿಯೊಬ್ಬಳನ್ನು ಡ್ಯೂಕನೊಬ್ಬನ ಸೇವೆಗೆ ಸೇರಿಸಿ, ಮೊದಲಿನಿಂದಲೇ ಗುಟ್ಟು ಬಲ್ಲ ಆ ಡ್ಯೂಕನು ತನ್ನ ಹಗೆ ತೀರಿಸಿಕೊಳ್ಳುವುದಕ್ಕಾಗಿ ಸುಮ್ಮನಿರುವಂತೆ ಮಾಡಿದಳು. ಓದಲು ರುಚಿಯಾದ ಪುಸ್ತಕ; ಆ ಮೌನವನ್ನು ಮೆಚ್ಚಲು ಮಾತ್ರ ನನ್ನಿಂದಾಗದು. 1963ರ ‘ಫಾಲ್ಸ್ ಕಲರ್ಸ್’ಗೆ ಬರುವ ಹೊತ್ತಿಗೆ ಅದೇ ಕೈ ಎಷ್ಟು ಪಳಗಿತ್ತೆಂಬುದನ್ನು ನೋಡಬೇಕು. ಕಿಟ್ ಫ್ಯಾನ್ಕಟ್ ಎಂಬ ತರುಣನು ವಿಯೆನ್ನಾದ ರಾಯಭಾರ ಕಚೇರಿಯಿಂದ ಮನೆಗೆ ಬರುತ್ತಾನೆ. ಅವಳಿಸೋದರ ಈವ್ಲಿನ್ ಎಲ್ಲಿಯೋ ಕಾಣೆ. ಮರುರಾತ್ರಿಯೇ ಹುಡುಗಿಯ ಮನೆಯವರು ಈವ್ಲಿನ್ನನನ್ನು ನೋಡಲಿರುವ ಔತಣ. ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದರೂ ಒಂದು ಹೊಸ ಟೊಪ್ಪಿಗೆಗಾಗಿ ಮತ್ತಷ್ಟು ಸಾಲ ಮಾಡಬಲ್ಲ ತಾಯಿಯ ಕಣ್ಣೀರಿಗೆ ಕರಗಿ ಕಿಟ್ಟನು ಒಂದೇ ಒಂದು ರಾತ್ರಿಗೆಂದು ಅಣ್ಣನ ಪಾತ್ರವನ್ನು ವಹಿಸುತ್ತಾನೆ. ಒಂದು ರಾತ್ರಿಯು ವಾರಗಳಾಗುತ್ತದೆ. ಅಣ್ಣನಿಗೆಂದು ಗೊತ್ತಾದ ಕ್ರೆಸ್ಸಿಯಲ್ಲಿ ತಮ್ಮನು ಅನುರಕ್ತನಾಗುತ್ತಾನೆ.

ಸಾಮಾನ್ಯ ಲೇಖಕನಾಗಿದ್ದರೆ ಇಲ್ಲಿಂದ ಮುಂದೆ ಗುಟ್ಟು ರಟ್ಟಾಗುವ ಒಂದು ಕೋಲಾಹಲವನ್ನು ಹೂಡುತ್ತಿದ್ದನು. ಹೇಯರಳು ಮಾಡಿದ್ದು ಬೇರೆ. ಕಿಟ್ಟನು ತಪ್ಪೊಪ್ಪಿಗೆಯ ಭಾರದಿಂದ ಬಳಲುತ್ತಿರುವಾಗ, ಕ್ರೆಸ್ಸಿಯು ತನಗೆ ಇದು ಆಗಲೇ ಗೊತ್ತಿತ್ತೆಂಬುದನ್ನು ಹಗುರವಾಗಿ ಹೊರಗೆಡಹುತ್ತಾಳೆ. ಮುಖ ಒಂದೇ ಆಗಿದ್ದರೂ ತನಗೆ ಮೊದಲು ಪ್ರಸ್ತಾಪ ತಂದವನ ಮಾತಿನ ವರಸೆಯೇ ಬೇರೆ, ಇವನದೇ ಬೇರೆ; ಆಕೆ ಕಂಡುಕೊಂಡದ್ದು ನಡೆನುಡಿಯ ಈ ಸಣ್ಣ ಅಂತರದಿಂದ. ಅಂದರೆ ವೇಷಧಾರಿಯು ತಾನು ಬಲ್ಲವನು, ಎದುರಿನವಳು ಅರಿಯದವಳು ಎಂದು ತಿಳಿದಿದ್ದ ಕಾಲದಲ್ಲಿಯೇ ಪಾತ್ರಗಳು ಅದಲುಬದಲಾಗಿದ್ದುವು. ಆಕೆ ನಗುಮುಖದಿಂದ ಅವನ ನಾಟಕವನ್ನು ನೋಡುತ್ತ, ಇವನು ಎಂಥವನೆಂಬುದನ್ನು ತೂಗುತ್ತಿದ್ದಳು. ಇದು ದಮಯಂತಿಯ ವಂಶಕ್ಕೆ ಸೇರಿದ ಮೌನ. ರೀಜೆನ್ಸಿ ಕಾಲದ ಉಡುಪು, ಗಾಡಿ, ಗಾದೆಗಳ ವರ್ಣನೆಯಲ್ಲಿ ಈ ಕಾದಂಬರಿ ಅಲ್ಲಲ್ಲಿ ಎಳೆದಾಡುತ್ತದೆಂಬುದನ್ನು ಒಪ್ಪುತ್ತೇನೆ. ಮುದ್ದಿನ ತಾಯಿಯ ಪ್ರಲಾಪಗಳನ್ನು ಕಾಲುಭಾಗ ಕತ್ತರಿಸಬಹುದಿತ್ತು. ಆದರೂ ಈ ಒಂದು ತಿರುವಿಗಾಗಿ ಅದನ್ನು ಎರಡು ಸಲ ಓದಿದ್ದೇನೆ.

ಇದೇ ಕಾಲದ ಆಸುಪಾಸಿನಲ್ಲಿ ಮಧ್ಯಯೂರೋಪಿನಿಂದ ಮತ್ತೊಂದು ಧಾರೆ ಬಂದು ಸೇರಿತು. ಮಿಕ್ಲೋಶ್ ಲಾಸ್ಲೋ ಎಂಬ ಹಂಗೇರಿಯನನ 1937ರ ನಾಟಕವೊಂದನ್ನು ಆಧರಿಸಿ ಲೂಬಿಚ್ ಎಂಬ ನಿರ್ದೇಶಕನು 1940ರಲ್ಲಿ ‘ದಿ ಷಾಪ್ ಅರೌಂಡ್ ದಿ ಕಾರ್ನರ್’ ಎಂಬ ಚಿತ್ರವನ್ನು ಮಾಡಿದನು. ಬುಡಾಪೆಸ್ಟಿನ ಅಂಗಡಿಯೊಂದರಲ್ಲಿ ಹಗಲೆಲ್ಲ ಕಚ್ಚಾಡುವ ಗುಮಾಸ್ತರಿಬ್ಬರು ರಾತ್ರಿ ಹೆಸರಿಲ್ಲದ ಪತ್ರಗಳಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದಾರೆ. ಭೇಟಿಯ ರಾತ್ರಿ ಹುಡುಗಿಯು ‘ಆನಾ ಕರೇನಿನಾ’ ಪುಸ್ತಕವನ್ನೂ ಒಂದು ಕಾರ್ನೇಷನ್ ಹೂವನ್ನೂ ಮೇಜಿನ ಮೇಲಿಟ್ಟುಕೊಂಡು ಕಾಫಿಮನೆಯಲ್ಲಿ ಕಾದಿರುತ್ತಾಳೆ. ಹುಡುಗನು ಒಳಹೋಗುವ ಧೈರ್ಯವಿಲ್ಲದೆ ಗೆಳೆಯನಿಂದ ಕಿಟಕಿಯಲ್ಲಿ ಇಣುಕಿಸಿ, ಆಕೆ ಯಾರೆಂಬುದನ್ನು ತಿಳಿಯುತ್ತಾನೆ. ಆಮೇಲೆ ಒಳಗೆ ಹೋಗಿ ಎದುರಿಗೆ ಕುಳಿತೂ ಗುಟ್ಟು ಬಿಡುವುದಿಲ್ಲ. ಅಂದೇ ಕೆಲಸ ಕಳೆದುಕೊಂಡು ಬಂದವನ ಮೌನದಲ್ಲಿ ಅಳುಕೂ ಇದೆ, ಒಂದಿಷ್ಟು ಸೇಡೂ ಇದೆ, ಆದುದರಿಂದ ಸಹ್ಯ. ಕಟ್ಟಕಡೆಗೆ ಹುಡುಗಿಯು, ನಿಮ್ಮ ಕಾಲು ಬಿಲ್ಲಿನಂತೆ ಬಾಗಿದೆಯೋ ಎಂದು ಸಂಶಯಪಟ್ಟು ಷರಾಯಿ ಮೇಲೆತ್ತಿಸಿ ನೋಡುವ ಪ್ರಸಂಗವಿದೆಯಷ್ಟೆ, ಅದನ್ನು ಕಂಡಾಗಲೆಲ್ಲ ನನಗೆ ಸ್ವಯಂವರಮಂಟಪದ ನೆನಪಾಗಿ ನಗು ಬರುತ್ತದೆ. ಅದೇ ಕಥೆ 1998ರಲ್ಲಿ ‘ಯೂ ಹ್ಯಾವ್ ಗಾಟ್ ಮೇಲ್’ ಆದಾಗ ಹುಡುಗನು ಗುಮಾಸ್ತನಾಗಿ ಉಳಿಯಲಿಲ್ಲ. ದೊಡ್ಡ ಪುಸ್ತಕಮಳಿಗೆಗಳ ಒಡೆಯನಾದನು. ಹುಡುಗಿಯು ತಾಯಿಯಿಂದ ಬಂದ ಮಕ್ಕಳ ಪುಸ್ತಕದ ಪುಟ್ಟ ಅಂಗಡಿಯನ್ನು ಅವನ ದೆಸೆಯಿಂದಲೇ ಮುಚ್ಚಿದಳು. ಅವನು ಬಲ್ಲ, ಅವಳು ಅರಿಯಳು. ಅಂಗಡಿಯ ಬಾಗಿಲು ಮುಚ್ಚಿದ ಮೇಲೂ ಅವನು ಬಲ್ಲವನಾಗಿಯೇ ಸುಳಿದಾಡುತ್ತಾನೆ. ಕಾಯಿಲೆ ಬಿದ್ದವಳಿಗೆ ಹೂ ತಂದುಕೊಟ್ಟದ್ದರಿಂದ ಅಂಗಡಿ ಹಿಂದಕ್ಕೆ ಬಂದೀತೆ?

ಸಮಕಾಲೀನ ಕಾದಂಬರಿಯ ಮುಖ್ಯ ದೋಷ ಇಲ್ಲಿಯೇ ಬೀಜವಾಗಿದೆ. ಅರಿವಿನ ಅಸಮತೆಯು ಐಶ್ವರ್ಯದ ಅಸಮತೆಯೊಡನೆ ಜೊತೆಗೂಡಿತು. ಸೋಫಿ ಕಿನ್ಸೆಲಾ ಎಂಬ ಹೆಸರಿನಲ್ಲಿ ಮ್ಯಾಡೆಲಿನ್ ವಿಕಮ್ ಬರೆದ, 2003ರ ‘ಕ್ಯಾನ್ ಯೂ ಕೀಪ್ ಎ ಸೀಕ್ರೆಟ್’ ಇದಕ್ಕೆ ಒಳ್ಳೆಯ ನಿದರ್ಶನ. ಗ್ಲಾಸ್ಗೋದಿಂದ ಲಂಡನ್ನಿಗೆ ಹಾರುವ ವಿಮಾನವು ತತ್ತರಿಸತೊಡಗಿದಾಗ, ಸಾವು ಬಂತೆಂದು ಬೆದರಿದ ಎಮ್ಮಾ ಎಂಬ ಹುಡುಗಿ ಪಕ್ಕದ ಅಪರಿಚಿತನ ಮುಂದೆ ತನ್ನ ಗುಟ್ಟುಗಳನ್ನೆಲ್ಲ ಒಂದೇ ಉಸಿರಿಗೆ ಸುರಿದುಬಿಡುತ್ತಾಳೆ. ತೂಕದ ಬಗ್ಗೆ ಹೇಳಿದ ಸುಳ್ಳು, ಪ್ರಿಯಕರನ ವಿಚಾರದ ಬೇಸರ, ಕಚೇರಿಯಲ್ಲಿ ಯಾರ ಮೇಲೆ ಯಾಕೆ ಸಿಟ್ಟೆಂಬುದು. ವಿಮಾನ ಇಳಿಯುತ್ತದೆ, ಪ್ರಾಣ ಉಳಿಯುತ್ತದೆ. ಮರುದಿನಗಳಲ್ಲಿ ನೋಡಿದರೆ ಆ ಅಪರಿಚಿತನೇ ಅವಳ ಕಂಪನಿಯ ಸ್ಥಾಪಕ, ಜ್ಯಾಕ್ ಹಾರ್ಪರ್. ಈ ಆರಂಭದ ಚುರುಕಿಗೆ, ನಗೆಗೆ, ಲೇಖಕಿಯ ಕಿವಿ ಸಾಮಾನ್ಯ ಹುಡುಗಿಯೊಬ್ಬಳ ಮನೋಲಾಪವನ್ನು ಹಿಡಿಯುವ ನಿಖರತೆಗೆ ನಾನು ತಲೆಬಾಗುತ್ತೇನೆ. ಮುಂದೆ ಒಂದು ದಿನ ಆ ಹಾರ್ಪರನು ದೂರದರ್ಶನದ ಸಂದರ್ಶನದಲ್ಲಿ, ಬೀದಿಯ ಸಾಧಾರಣ ಹುಡುಗಿಯ ಅಭಿರುಚಿಯನ್ನು ವಿವರಿಸಹೊರಟು, ಮೈಮರೆತು ಎಮ್ಮಾಳ ಗುಟ್ಟುಗಳನ್ನೇ ಒಂದೊಂದಾಗಿ ಹೇಳಿಬಿಡುತ್ತಾನೆ. ಕಚೇರಿಯವರೆಲ್ಲ ಒಟ್ಟಿಗೆ ಪರದೆಯನ್ನು ನೋಡುತ್ತಿದ್ದಾರೆ. ಒಬ್ಬೊಬ್ಬರ ತಲೆಯೂ ಮೆಲ್ಲನೆ ಅವಳತ್ತ ತಿರುಗುತ್ತದೆ. ಈ ಪಂಥದ ಎಲ್ಲ ಕಾದಂಬರಿಗಳಲ್ಲಿ ಬಲ್ಲವನ ಹೊಣೆಗೇಡಿತನವನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ದೃಶ್ಯ ಮತ್ತೊಂದಿಲ್ಲವೆನ್ನಬಹುದು.

ತೋರಿಸಿದ ಮೇಲೆ ಲೇಖಕಿಯು ತಾನೇ ಹೆದರಿದಳು. ಎಮ್ಮಾಳ ಬಗ್ಗೆ ಅವನಿಗೆ ಎಲ್ಲವೂ ಗೊತ್ತು, ಅವನ ಬಗ್ಗೆ ಅವಳಿಗೆ ಏನೂ ತಿಳಿಯದು ಎಂಬ ಅಂತರವನ್ನು ಆಕೆ ಗುರುತಿಸಿದ್ದಾಳೆ, ಎಮ್ಮಾಳ ಬಾಯಿಂದ ಆಡಿಸಿಯೂ ಇದ್ದಾಳೆ. ಆದರೆ ಕೊನೆಯಲ್ಲಿ ಜ್ಯಾಕನೂ ತನ್ನ ಗುಟ್ಟುಗಳನ್ನು ಬಿಚ್ಚಿಟ್ಟು ತಕ್ಕಡಿ ಸಮವಾಯಿತೆಂದು ನಮ್ಮನ್ನು ಕಳುಹಿಸಿಕೊಡುತ್ತಾಳೆ. ಒಬ್ಬಳು ಮರಣಭಯದಲ್ಲಿ ಉದುರಿಸಿದ ಗುಟ್ಟಿಗೂ, ಒಬ್ಬನು ಕ್ಷಮೆ ಬೇಕಾದಾಗ ಆರಿಸಿ ಕೊಟ್ಟ ಗುಟ್ಟಿಗೂ ತೂಕ ಒಂದೇ ಆದೀತೆ? ನಮ್ಮ ಕಡೆಯ ಅಂಗಡಿಯವರಾಗಿದ್ದರೆ ಈ ತಕ್ಕಡಿಯ ಕೆಳಗೆ ಹುಣಿಸೆಹಣ್ಣು ಅಂಟಿದೆಯೋ ಎಂದು ನೋಡುತ್ತಿದ್ದರು.

ಇದಕ್ಕೆ ಹೋಲಿಸಿದರೆ 2019ರ ‘ದಿ ಅನ್‌ಹನಿಮೂನರ್ಸ್’ ಅಷ್ಟು ನುಣುಪಾಗಿಲ್ಲದಿದ್ದರೂ ಲೆಕ್ಕದಲ್ಲಿ ಪ್ರಾಮಾಣಿಕ. ಅವಳಿಸೋದರಿಯ ಮದುವೆಯ ಔತಣದಲ್ಲಿ ಸಮುದ್ರದ ಆಹಾರ ತಿಂದವರೆಲ್ಲ ವಾಂತಿಯಿಂದ ಮಲಗಿದಾಗ, ಅದು ಮೈಗೊಗ್ಗದ ಆಲಿವಳೂ, ಬಫೆಯೆಂದರೆ ಅಸಹ್ಯಪಡುವ ವರನ ಸೋದರ ಈಥನ್ನನೂ ಮಾತ್ರ ಉಳಿಯುತ್ತಾರೆ. ಹಣ ಹಿಂದಿರುಗದ ಮಧುಚಂದ್ರದ ಪ್ರವಾಸಕ್ಕೆ ಇವರೇ ದಂಪತಿಗಳ ಹೆಸರಿನಲ್ಲಿ ಮಾವೀ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ ಆಲಿವಳಿಗೆ ಹೊಸ ಕೆಲಸ ಕೊಟ್ಟ ಧಣಿಯೇ ಎದುರಾಗಿ, ಸುಳ್ಳಿನ ಮೇಲೆ ಸುಳ್ಳು. ಊರಿಗೆ ಮರಳಿದ ಮೇಲೆ ಆ 

ಸುಳ್ಳಿಗಾಗಿಯೇ ಅವಳ ಕೆಲಸ ಹೋಗುತ್ತದೆ. ಹಾಸ್ಯದ ನಡುವೆ ಸುಳ್ಳಿಗೆ ನಿಜವಾದ ದಂಡ ತೆರಿಸಿದ ಈ ಒಂದು ಅಧ್ಯಾಯಕ್ಕಾಗಿ ಕ್ರಿಸ್ಟಿನಾ ಲಾರೆನ್ ಎಂಬ ಕರ್ತೃವನ್ನು ಅಭಿನಂದಿಸಬೇಕು; ಆದರೆ ಕ್ರಿಸ್ಟಿನಾ ಲಾರೆನ್ ಎಂಬುವಳೊಬ್ಬಳಿಲ್ಲ, ಇಬ್ಬರು ಲೇಖಕಿಯರು ಸೇರಿ ಇಟ್ಟುಕೊಂಡ ಒಂದು ಹೆಸರದು. ಭ್ರಾಂತಿಯ ಕಥೆಗಾರರು ತಾವೂ ವೇಷದಲ್ಲಿರುವುದು ಸೊಗಸಾದ ಕಾಕತಾಳೀಯ. ನಮ್ಮಲ್ಲಿಯೂ ಅನಸೂಯಾ ಶಂಕರ್ ಅವರು ತ್ರಿವೇಣಿಯಾಗಿ, ರತ್ನ ಅವರು ಸಾಯಿಸುತೆಯಾಗಿ ಎಷ್ಟು ಮನೆಗಳ ನಡುಮನೆಯನ್ನು ಪ್ರವೇಶಿಸಿದರೆಂಬುದನ್ನು ನನ್ನ ಸೋದರತ್ತೆಯಂಥವರು ಬಲ್ಲರು. ಆ ವೇಷದಿಂದ ಯಾರಿಗೂ ನಷ್ಟವಾಗಲಿಲ್ಲ.

ಈ ಪಂಥದ ಮತ್ತೊಂದು ರೂಢಿಯನ್ನು ಹೇಳದೆ ಬಿಡಲಾರೆ. ಕಥೆಯ ಮುಕ್ಕಾಲು ಪಾಲು ಕಳೆಯುವ ಹೊತ್ತಿಗೆ ಗುಟ್ಟೊಡೆಯಲೇಬೇಕೆಂಬುದು ಅಲ್ಲಿ ಪಂಚಾಂಗದಂತೆ ನಿಶ್ಚಿತ. ಒಡೆಯುವುದೋ, ತೆರೆದಿಟ್ಟ ಮೊಬೈಲು, ಮರೆತ ಪತ್ರ, ಬಾಯಿಬಡುಕ ಗೆಳತಿ, ಹಳೆಯ ಪ್ರಿಯತಮೆ, ಹೀಗೆ ಹೊರಗಿನ ಸಾಧನದಿಂದ. ಮೋಸಹೋದವಳಿಗೆ ಕಣ್ಣಿತ್ತು, ಬುದ್ಧಿಯಿತ್ತು, ತಿಂಗಳುಗಟ್ಟಲೆಯ ಸಹವಾಸವಿತ್ತು; ಆದರೂ ಆಕೆ ತಾನಾಗಿ ಏನನ್ನೂ ಕಾಣಕೂಡದು. ಕಂಡರೆ ಜಗಳವಿಲ್ಲ, ಜಗಳವಿಲ್ಲದೆ ಮಳೆಯಲ್ಲಿ ನೆನೆಯುವ ಸಂಧಾನವಿಲ್ಲ. ಹೀಗೆ ಪ್ರತ್ಯಭಿಜ್ಞೆಯನ್ನು ನಾಯಿಕೆಯ ಕೈಯಿಂದ ಕಿತ್ತು ಆಕಸ್ಮಿಕದ ಕೈಗೆ ಕೊಟ್ಟದ್ದೇ ದಮಯಂತಿಯಿಂದ ಇಲ್ಲಿಯವರೆಗಿನ ಇಳಿಜಾರಿನಲ್ಲಿ ಆದ ದೊಡ್ಡ ನಷ್ಟವೆಂದು ನನ್ನ ಎಣಿಕೆ.

ಕನ್ನಡದಲ್ಲಿ ಈ ನಷ್ಟವನ್ನು ತುಂಬಿಕೊಟ್ಟದ್ದು ಕಾದಂಬರಿಯಲ್ಲ, ಒಂದು ನಾಟಕ. ಗಿರೀಶ ಕಾರ್ನಾಡರ 1988ರ ‘ನಾಗಮಂಡಲ’ದಲ್ಲಿ ರಾಣಿಯನ್ನು ಗಂಡ ಅಪ್ಪಣ್ಣನು ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ, ಹುತ್ತಕ್ಕೆ ಸುರಿದ ಮದ್ದಿನ ಸಾರನ್ನು ಕುಡಿದ ನಾಗನು ಒಲವಿನಿಂದ ಅಪ್ಪಣ್ಣನ ರೂಪ ತಾಳಿ ರಾತ್ರಿ ರಾತ್ರಿ ಬರುತ್ತಾನೆ. ಹಗ್ಗದಲ್ಲಿ ಹಾವನ್ನು ಕಾಣುವುದು ವೇದಾಂತಿಗಳ ಭ್ರಾಂತಿ. ಹಾವಿನಲ್ಲಿ ಗಂಡನನ್ನು ಕಾಣುವುದು ಈ ಹುಡುಗಿಯದು. ಹಗಲಿನವನು ಗದರಿಸುತ್ತಾನೆ, ಇರುಳಿನವನು ತಲೆ ನೇವರಿಸುತ್ತಾನೆ. ಇರುಳಿನವನ ಮೈಮೇಲೆ ನಾಯಿಯೊಡನೆ ಸೆಣಸಿದ ಗಾಯಗಳು. ಹಗಲಿನವನ ಮೈಮೇಲೆ ಗುರುತೇ ಇಲ್ಲ. ಮುಟ್ಟಿದರೆ ರಕ್ತ ತಣ್ಣಗೆ. ಪ್ರಶ್ನೆ ಕೇಳಕೂಡದೆಂದು ನಾಗನು ವಿಧಿಸಿದ್ದಾನೆ, ಅವಳು ಕೇಳುವುದಿಲ್ಲ. ನಾಗದಿವ್ಯವಾಗಿ, ಅವಳು ದೇವಿಯಾಗಿ, ಅಪ್ಪಣ್ಣನು ಕಾಲಿಗೆ ಬಿದ್ದು, ಕಥೆ ಮುಗಿಯಿತೆಂದು, ಅದನ್ನು ಕೇಳುತ್ತ ಕುಳಿತಿದ್ದ ದೀಪದ ಜ್ವಾಲೆಗಳು ಏಳಹೊರಟಾಗ, ರಂಗದ ಮೇಲೆಯೇ ಒಂದು ಪಾತ್ರವಾಗಿರುವ ನಾಟಕಕಾರನೊಬ್ಬನು ಒಪ್ಪುವುದಿಲ್ಲ: ನಿಜವಾದ ಗಂಡನ ಸಂಗ ಮತ್ತೆ ಬಂದಾಗ, ಇಬ್ಬರ ಸ್ಪರ್ಶ ಬೇರೆಬೇರೆಯೆಂಬುದು ಆ ಹೆಣ್ಣಿಗೆ ತಿಳಿಯದೆ ಇದ್ದೀತೆ? ತಿಳಿದಿರಲೇಬೇಕು. ಹಾಗಾದರೆ ಅಂತ್ಯ ಬದಲಾಗಬೇಕು. ಮತ್ತೊಂದು ಅಂತ್ಯದಲ್ಲಿ ರಾಣಿಯು ತಲೆ ಬಾಚಿಕೊಳ್ಳುವಾಗ ಕೂದಲಿನಿಂದ ಒಂದು ಹಾವಿನ ಮರಿ ಬೀಳುತ್ತದೆ. ಗಂಡನು ದೊಣ್ಣೆ ತರಲು ಓಡುತ್ತಾನೆ. ಅವಳು ಅದನ್ನು ಮೆಲ್ಲನೆ ಎತ್ತಿ, ತನ್ನ ಜಡೆಯೊಳಗೆ ಸೇರಿಕೊಳ್ಳಲು ಬಿಡುತ್ತಾಳೆ.